ಮೇಜು ಒಂದು, ಕಂಪ್ಯೂಟರು ಮೂರು: ಕೀಬೋರ್ಡು, ಮೌಸು, ಮಾನಿಟರು ಹಂಚಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಆಫೀಸಿನವರು ಕೊಟ್ಟ ಲ್ಯಾಪ್‌ಟಾಪು ಒಂದು, ಸ್ವಂತದ ಡೆಸ್ಕ್‌ಟಾಪು ಇನ್ನೊಂದು, ಕೆಲವರ ಮನೆಯಲ್ಲಿ ಇವುಗಳ ಜೊತೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು. ಮೇಜು ಮಾತ್ರ ಒಂದೇ. ಅಂಥ ಮೇಜಿಗಾಗಿ ಈ ಪುಟ. ಸರ್ವರ್ ರ‍್ಯಾಕುಗಳ ವಿಷಯ ಕೊನೆಗೆ ಸ್ವಲ್ಪವೇ ಇದೆ.

ಕೆವಿಎಂ ಅಂದರೇನು?

ಕೀಬೋರ್ಡ್, ವಿಡಿಯೊ, ಮೌಸ್ ಎಂಬ ಮೂರು ಪದಗಳ ಮೊದಲಕ್ಷರಗಳು. ಒಂದು ಕಡೆ ಕೀಬೋರ್ಡು, ಮೌಸು, ಮಾನಿಟರು. ಇನ್ನೊಂದು ಕಡೆ ಎರಡೋ ನಾಲ್ಕೋ ಕಂಪ್ಯೂಟರು. ನಡುವೆ ಗುಂಡಿ ಇರುವ ಡಬ್ಬಿ. ಗುಂಡಿ ಒತ್ತಿದರೆ ಮೂರೂ ಒಟ್ಟಿಗೆ ಮುಂದಿನ ಕಂಪ್ಯೂಟರಿಗೆ ಹೋಗುತ್ತವೆ. ಅಂತರ್ಜಾಲದಲ್ಲಿ ಹುಡುಕುವಾಗ ‘ಸ್ವಿಚ್’ ಎಂಬ ಪದ ಸೇರಿಸಿ. ಇಲ್ಲದಿದ್ದರೆ 2007ರಲ್ಲಿ ಲಿನಕ್ಸ್ ಕರ್ನೆಲ್‌ನ 2.6.20 ಆವೃತ್ತಿಗೆ ಸೇರಿದ ವರ್ಚುವಲ್ ಮಶೀನ್ ವ್ಯವಸ್ಥೆಯ ಪುಟಗಳೇ ಸಾಲುಗಟ್ಟಿ ಬರುತ್ತವೆ. ಅದರ ಹೆಸರೂ ಕೆವಿಎಂ. ಹೆಸರು ಬಿಟ್ಟರೆ ಬೇರೆ ನಂಟಿಲ್ಲ.

ಹಾಗಾದರೆ ಕೆವಿಎಂ ಡಬ್ಬಿಯನ್ನೇ ಕೊಳ್ಳಬೇಕೇ?

ಬಹಳ ಜನಕ್ಕೆ ಬೇಡ. ಕೀಬೋರ್ಡು, ಮೌಸು ಕಳಿಸುವ ಮಾಹಿತಿ ಅತ್ಯಲ್ಪ. ಅದನ್ನು ಅತ್ತಿತ್ತ ತಿರುಗಿಸಲು ಅಗ್ಗದ ಯುಎಸ್‌ಬಿ ಸ್ವಿಚ್ಚೇ ಸಾಕು. ಕಷ್ಟವೆಲ್ಲ ಚಿತ್ರದ್ದು. 4ಕೆ ಚಿತ್ರ (3840×2160 ಚುಕ್ಕೆ) 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸಲ, ಬರಬೇಕಾದರೆ ಎಚ್‌ಡಿಎಂಐ ಕೇಬಲ್ಲು ಸೆಕೆಂಡಿಗೆ 18 ಗಿಗಾಬಿಟ್ ಹೊರಬೇಕು. ನಡುವೆ ಒಂದು ಡಬ್ಬಿ, ಇನ್ನೊಂದು ಕೇಬಲ್ಲು, ಎರಡು ಹೆಚ್ಚುವರಿ ಸಾಕೆಟ್ಟು ಬಂದಷ್ಟೂ ಆ ಸಿಗ್ನಲ್ಲು ಸೊರಗುತ್ತದೆ. ಕಪ್ಪು ಪರದೆ, ಮಿಣುಕು, ದಿಕ್ಕಾಪಾಲಾದ ವಿಂಡೋಗಳು, ಈ ದೂರುಗಳೆಲ್ಲ ವಿಡಿಯೊ ಭಾಗದವೇ. ಡಬ್ಬಿಯ ಬೆಲೆ ಏರುವುದೂ ಆ ಭಾಗದಿಂದಲೇ.

ಆದ್ದರಿಂದ ಮೊದಲು ಮಾನಿಟರಿನ ಬೆನ್ನು ನೋಡಿ. ಎರಡು ಇನ್‌ಪುಟ್ ಇದ್ದರೆ (ಇತ್ತೀಚಿನ ಮಾನಿಟರುಗಳಲ್ಲಿ ಸಾಮಾನ್ಯವಾಗಿ ಒಂದು ಎಚ್‌ಡಿಎಂಐ, ಒಂದು ಡಿಸ್‌ಪ್ಲೇಪೋರ್ಟ್ ಇರುತ್ತವೆ) ಚಿತ್ರವನ್ನು ಡಬ್ಬಿಯೊಳಗೆ ತೂರಿಸಲೇಬೇಡಿ. ಎರಡೂ ಕಂಪ್ಯೂಟರಿನಿಂದ ನೇರವಾಗಿ ಮಾನಿಟರಿಗೆ ಕೇಬಲ್ ಹಾಕಿ, ಕೀಬೋರ್ಡು ಮೌಸಿಗೆ ಮಾತ್ರ ಯುಎಸ್‌ಬಿ ಸ್ವಿಚ್ ಇಡಿ. ಕಂಪ್ಯೂಟರು ಮೂರೋ ನಾಲ್ಕೋ ಇದ್ದು ಇನ್‌ಪುಟ್ ಸಾಲದಿದ್ದರೆ, ಅಥವಾ ದಿನಕ್ಕೆ ಹತ್ತಾರು ಸಲ ಒಂದೇ ಗುಂಡಿಯಲ್ಲಿ ಎಲ್ಲವೂ ಬದಲಾಗಲೇಬೇಕೆಂದಿದ್ದರೆ, ಆಗ ಪೂರ್ತಿ ಕೆವಿಎಂ.

ಡಬ್ಬಿಯಿಲ್ಲದೆ ಜೋಡಿಸುವುದು ಹೇಗೆ?

ಬೇಕಾದ್ದು: ಎರಡು ವಿಡಿಯೊ ಕೇಬಲ್, ‘2 ಇನ್ 4 ಔಟ್’ ಎಂದು ಮಾರುವ ಯುಎಸ್‌ಬಿ ಸ್ವಿಚ್ ಒಂದು, ಅದರಿಂದ ಕಂಪ್ಯೂಟರುಗಳಿಗೆ ಎರಡು ಯುಎಸ್‌ಬಿ ಕೇಬಲ್. ಸ್ವಿಚ್ಚಿನ ಕಂಪ್ಯೂಟರ್ ಬದಿಯ ಸಾಕೆಟ್ಟು ಚೌಕದ್ದಾಗಿದ್ದರೆ ಪ್ರಿಂಟರಿಗೆ ಬರುವ ಕೇಬಲ್ಲೇ ಹಿಡಿಯುತ್ತದೆ. ಕೆಲವದರಲ್ಲಿ ಎರಡೂ ತುದಿ ಚಪ್ಪಟೆ ಪಿನ್ನಿನ ಕೇಬಲ್ ಕೊಟ್ಟಿರುತ್ತಾರೆ. ಅದು ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಜೋಪಾನ.

ಡೆಸ್ಕ್‌ಟಾಪನ್ನು ಡಿಸ್‌ಪ್ಲೇಪೋರ್ಟಿಗೂ ಲ್ಯಾಪ್‌ಟಾಪನ್ನು ಎಚ್‌ಡಿಎಂಐಗೂ ಸಿಕ್ಕಿಸಿ. ಡೆಸ್ಕ್‌ಟಾಪಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಕಾರ್ಡಿಗೇ ಹೋಗಬೇಕು. ಮದರ್‌ಬೋರ್ಡಿನ ಎಚ್‌ಡಿಎಂಐಗೆ ಹಾಕಿ ‘ಚಿತ್ರವೇ ಇಲ್ಲ’ ಎಂದು ತಲೆ ಕೆಡಿಸಿಕೊಳ್ಳುವವರು ಕಡಿಮೆಯಿಲ್ಲ. ಆಮೇಲೆ ಸ್ವಿಚ್ಚಿಗೆ ಕೀಬೋರ್ಡು, ಮೌಸು. ಸ್ವಿಚ್ಚನ್ನು ಮಾನಿಟರಿನ ಕೆಳಗೆ ಕೈಗೆಟುಕುವಂತೆ ಇಡಿ. ತಂತಿಯ ತುದಿಯಲ್ಲಿ ಪ್ರತ್ಯೇಕ ಗುಂಡಿ ಇರುವ ಮಾದರಿ ಸಿಕ್ಕರೆ ಇನ್ನೂ ಒಳ್ಳೆಯದು: ಡಬ್ಬಿ ಮೇಜಿನಡಿ, ಗುಂಡಿ ಮೇಲೆ.

ಪ್ರತಿಸಲ ಮಾನಿಟರಿನ ಮೆನುಗೆ ಹೋಗಿ ಇನ್‌ಪುಟ್ ಬದಲಿಸುವುದು ಕಿರಿಕಿರಿ. ದಾರಿ ಇದೆಯೇ?

ಇದೆ, ಅದೂ ಪುಕ್ಕಟೆ. ಮಾನಿಟರಿಗೂ ಕಂಪ್ಯೂಟರಿಗೂ ನಡುವಿನ ವಿಡಿಯೊ ಕೇಬಲ್ಲಿನಲ್ಲೇ ಡಿಡಿಸಿ/ಸಿಐ ಎಂಬ ಸಣ್ಣ ಸಂವಾದದ ಹಾದಿ ಇದೆ. ಬೆಳಕು ಹೆಚ್ಚಿಸು, ಇನ್‌ಪುಟ್ ಬದಲಿಸು ಎಂಬ ಅಪ್ಪಣೆಗಳನ್ನು ಕಂಪ್ಯೂಟರು ಅದರ ಮೂಲಕ ಕಳಿಸಬಹುದು. ಇನ್‌ಪುಟ್ ಆಯ್ಕೆಯ ಸಂಖ್ಯೆ ಹೆಕ್ಸಾಡೆಸಿಮಲ್ (ಹದಿನಾರರ ಎಣಿಕೆಯ) 60. ಅದಕ್ಕೆ ಕೊಡುವ ಅಂಕೆ ಸಾಮಾನ್ಯವಾಗಿ ಮೊದಲ ಡಿಸ್‌ಪ್ಲೇಪೋರ್ಟಿಗೆ 15, ಮೊದಲ ಎಚ್‌ಡಿಎಂಐಗೆ 17, ಎರಡನೆಯ ಎಚ್‌ಡಿಎಂಐಗೆ 18. ಇವು ದಶಮಾನದ ಅಂಕೆಗಳು. ಕೆಲವು ಮಾನಿಟರುಗಳು ತಮ್ಮದೇ ಅಂಕೆ ಇಟ್ಟುಕೊಂಡಿರುತ್ತವೆ, ಹಾಗಾಗಿ ಮೊದಲು ಈಗಿನ ಅಂಕೆಯನ್ನು ಓದಿ ನೋಡಿ, ಆಮೇಲೆ ಬರೆಯಿರಿ.

ವಿಂಡೋಸಿನಲ್ಲಿ ನಿರ್‌ಸಾಫ್ಟ್‌ನ ಕಂಟ್ರೋಲ್‌ಮೈಮಾನಿಟರ್, ಲಿನಕ್ಸಿನಲ್ಲಿ ಡಿಡಿಸಿಯುಟಿಲ್, ಮ್ಯಾಕಿನಲ್ಲಿ ಬೆಟರ್‌ಡಿಸ್‌ಪ್ಲೇ ಅಥವಾ ಲೂನಾರ್ ಈ ಕೆಲಸ ಮಾಡುತ್ತವೆ. ಅಪ್ಪಣೆಯನ್ನು ಒಂದು ಶಾರ್ಟ್‌ಕಟ್ ಕೀಗೆ ಕಟ್ಟಿಕೊಂಡರೆ ಮುಗಿಯಿತು. ಇನ್ನೂ ನಾಜೂಕು ಬೇಕೆಂದರೆ ‘ಡಿಸ್‌ಪ್ಲೇ-ಸ್ವಿಚ್’ ಎಂಬ ಮುಕ್ತ ತಂತ್ರಾಂಶವಿದೆ. ಅದು ನಿಮ್ಮ ಕೀಬೋರ್ಡಿನ ಯುಎಸ್‌ಬಿ ಗುರುತನ್ನು ಕಾಯುತ್ತ ಕೂತಿರುತ್ತದೆ; ಸ್ವಿಚ್ ಒತ್ತಿ ಕೀಬೋರ್ಡು ಈ ಕಂಪ್ಯೂಟರಿಗೆ ಬಂದ ಕೂಡಲೇ ಮಾನಿಟರನ್ನೂ ಇತ್ತ ಎಳೆಯುತ್ತದೆ. ಅಲ್ಲಿಗೆ ಯುಎಸ್‌ಬಿ ಸ್ವಿಚ್ಚೇ ಪೂರ್ತಿ ಕೆವಿಎಂ ಆದಂತೆ.

ಎರಡು ಎಚ್ಚರಿಕೆ. ಮಾನಿಟರಿನ ಮೆನುವಿನಲ್ಲಿ ಡಿಡಿಸಿ/ಸಿಐ ‘ಆನ್’ ಇರಬೇಕು. ಮತ್ತೆ ಕೆಲವು ಮಾನಿಟರುಗಳು ತೆರೆಯ ಮೇಲಿಲ್ಲದ ಇನ್‌ಪುಟ್ಟಿನಿಂದ ಬಂದ ಅಪ್ಪಣೆಯನ್ನು ಕೇಳುವುದೇ ಇಲ್ಲ. ಆಗ ‘ನನ್ನತ್ತ ಬಾ’ ಎಂದರೆ ನಡೆಯದು, ಬಿಟ್ಟುಕೊಡುವ ಕಂಪ್ಯೂಟರೇ ‘ಅತ್ತ ಹೋಗು’ ಎನ್ನಬೇಕು. ಡಿಸ್‌ಪ್ಲೇ-ಸ್ವಿಚ್‌ನಲ್ಲಿ ಕೀಬೋರ್ಡು ಕಳಚಿಕೊಂಡಾಗ ಏನು ಮಾಡಬೇಕೆಂದು ಬರೆಯುವ ಸಾಲು ಇರುವುದು ಇದಕ್ಕೇ.

ಮಾನಿಟರಿನಲ್ಲೇ ಕೆವಿಎಂ ಇದೆಯಂತೆ, ಆದರೂ ಕೀಬೋರ್ಡು ಬದಲಾಗುತ್ತಿಲ್ಲ.

ಹತ್ತರಲ್ಲಿ ಒಂಬತ್ತು ಸಲ ಚೌಕ ಪಿನ್ನಿನ ಯುಎಸ್‌ಬಿ ಕೇಬಲ್ ಪೆಟ್ಟಿಗೆಯಲ್ಲೇ ಉಳಿದಿರುತ್ತದೆ. ಟೈಪ್-ಸಿ ಮೂಲಕ ಬಂದ ಲ್ಯಾಪ್‌ಟಾಪಿಗೆ ಚಿತ್ರ, ಯುಎಸ್‌ಬಿ, ಚಾರ್ಜು ಮೂರೂ ಒಂದೇ ಕೇಬಲ್ಲಿನಲ್ಲಿ ಹೋಗುತ್ತವೆ. ಎಚ್‌ಡಿಎಂಐ ಅಥವಾ ಡಿಸ್‌ಪ್ಲೇಪೋರ್ಟಿನಲ್ಲಿ ಬಂದ ಡೆಸ್ಕ್‌ಟಾಪಿಗೆ ಮಾತ್ರ ಯುಎಸ್‌ಬಿಗಾಗಿ ಬೇರೆ ಕೇಬಲ್ ಎಳೆಯಬೇಕು. ಎಳೆದ ಮೇಲೆ ಮೆನುವಿನಲ್ಲಿ ಯಾವ ವಿಡಿಯೊ ಇನ್‌ಪುಟ್ಟಿಗೆ ಯಾವ ಯುಎಸ್‌ಬಿ ಜೋಡಿ ಎಂದು ಹೇಳಿಕೊಡಬೇಕು. ಮಾನಿಟರನ್ನೇ ಹೊಸದಾಗಿ ಕೊಳ್ಳುತ್ತಿರುವವರು ಈ ಸೌಲಭ್ಯವಿರುವುದನ್ನೇ ಕೊಂಡರೆ ಮೇಜಿನ ಮೇಲೆ ಡಬ್ಬಿಯೂ ಬೇಡ, ತಂತಿಯೂ ಕಡಿಮೆ.

ಪೂರ್ತಿ ಕೆವಿಎಂ ಕೊಳ್ಳುವಾಗ ಏನು ನೋಡಬೇಕು?

ಡಬ್ಬಿಯ ಮೇಲೆ ‘4ಕೆ’ ಎಂದಷ್ಟೇ ಬರೆದಿದ್ದರೆ ನಂಬಬೇಡಿ. ಎಷ್ಟು ಹರ್ಟ್ಸ್ ಎಂದು ಕೇಳಿ. ಎಚ್‌ಡಿಎಂಐ 1.4ರ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್, ಅದರಲ್ಲಿ 4ಕೆ ಬರುವುದು 30 ಹರ್ಟ್ಸ್‌ಗೆ ಮಾತ್ರ. ಸಿನಿಮಾ ನೋಡಲು ಅಡ್ಡಿಯಿಲ್ಲ, ಆದರೆ ಮೌಸಿನ ಬಾಣ ಕೈಯ ಹಿಂದೆ ತೆವಳುತ್ತ ಬಂದಂತಿರುತ್ತದೆ. ಇಡೀ ದಿನ ಕೆಲಸ ಮಾಡುವವರಿಗೆ ಅದು ಹಿಂಸೆ. 4ಕೆ 60 ಹರ್ಟ್ಸ್‌ಗೆ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಬೇಕು. ಜೊತೆಗೆ ‘4:4:4’ ಎಂಬ ಗುರುತು ಇದೆಯೇ ನೋಡಿ. 4:2:0 ಎಂದಿದ್ದರೆ ಬಣ್ಣದ ಮಾಹಿತಿಯನ್ನು ಕತ್ತರಿಸಿ ಕಳಿಸುತ್ತಾರೆ, ಕೆಂಪು ನೀಲಿ ಅಕ್ಷರಗಳ ಅಂಚು ಮಸುಕಾಗುತ್ತದೆ. ನಿಮ್ಮದು ಸಾಮಾನ್ಯ 1920×1080 ಮಾನಿಟರಾದರೆ ಈ ಚಿಂತೆ ಯಾವುದೂ ಬೇಡ, ಅಗ್ಗದ ಡಬ್ಬಿಯೂ ನಡೆಯುತ್ತದೆ.

ಎರಡನೆಯದು ಇಡಿಐಡಿ ಎಮ್ಯುಲೇಶನ್. ಅದರ ಕಥೆ ಮುಂದಿನ ಪ್ರಶ್ನೆಯಲ್ಲಿದೆ. ಮೂರನೆಯದು, ಪ್ರತ್ಯೇಕ ಪವರ್ ಅಡಾಪ್ಟರಿಗೆ ಜಾಗ. ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ: ಕಂಪ್ಯೂಟರಿಗೆ ಹೋಗುವ ಕೇಬಲ್ಲುಗಳು ಡಬ್ಬಿಗೇ ಅಂಟಿಕೊಂಡಿವೆಯೋ, ಬಿಚ್ಚಿ ಹಾಕುವಂಥವೋ? ಅಂಟಿಕೊಂಡಿದ್ದರೆ ಒಂದು ತಂತಿ ಕೆಟ್ಟ ದಿನ ಡಬ್ಬಿಯೂ ಕಸ.

ಬದಲಿಸಿದಾಗಲೆಲ್ಲ ವಿಂಡೋಗಳು ಚೆಲ್ಲಾಪಿಲ್ಲಿ ಆಗುತ್ತವೆ. ಯಾಕೆ?

ಪ್ರತಿ ಮಾನಿಟರಿನೊಳಗೂ ಇಡಿಐಡಿ ಎಂಬ ಪುಟ್ಟ ಪರಿಚಯಪತ್ರ ಇರುತ್ತದೆ. ಮೂಲ ಭಾಗ 128 ಬೈಟ್ ಅಷ್ಟೇ. ತಾನು ಯಾರು, ಎಷ್ಟು ರೆಸಲ್ಯೂಶನ್, ಎಷ್ಟು ಹರ್ಟ್ಸ್ ಎಂಬುದೆಲ್ಲ ಅದರಲ್ಲಿ. ಕೇಬಲ್ಲಿನ ಒಂದು ಪಿನ್ನು ‘ಮಾನಿಟರ್ ಬಂದಿದೆ’ ಎಂದು ಸಾರುತ್ತದೆ, ಕಂಪ್ಯೂಟರು ಪತ್ರ ಓದಿ ಚಿತ್ರ ಕಳಿಸುತ್ತದೆ. ಅಗ್ಗದ ಕೆವಿಎಂ ಗುಂಡಿ ಒತ್ತಿದಾಗ ಈ ಪಿನ್ನಿನ ಸಂಪರ್ಕವೇ ಕಡಿಯುತ್ತದೆ. ಮಾನಿಟರನ್ನು ಯಾರೋ ಕಿತ್ತುಕೊಂಡು ಹೋದರು ಎಂದೇ ಕಂಪ್ಯೂಟರಿನ ಲೆಕ್ಕ. ಅಲ್ಲಿದ್ದ ವಿಂಡೋಗಳನ್ನೆಲ್ಲ ಲ್ಯಾಪ್‌ಟಾಪಿನ ಸಣ್ಣ ಪರದೆಗೆ ಗುಡಿಸಿ ಹಾಕುತ್ತದೆ.

ಇಡಿಐಡಿ ಎಮ್ಯುಲೇಶನ್ ಇರುವ ಡಬ್ಬಿ ಆ ಪತ್ರದ ನಕಲನ್ನು ತನ್ನಲ್ಲಿಟ್ಟುಕೊಂಡು, ನೀವು ಬೇರೆಡೆ ಇದ್ದಾಗಲೂ ‘ಮಾನಿಟರ್ ಇಲ್ಲೇ ಇದೆ’ ಎಂದು ಕಂಪ್ಯೂಟರನ್ನು ನಂಬಿಸುತ್ತದೆ. ಅದಿಲ್ಲದವರು ವಿಂಡೋಸ್ 11ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಮಲ್ಟಿಪಲ್ ಡಿಸ್‌ಪ್ಲೇಸ್‌ಗೆ ಹೋಗಿ, ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ವಿಂಡೋಗಳ ಜಾಗ ನೆನಪಿಡುವ ಆಯ್ಕೆಯನ್ನು ಆನ್ ಮಾಡಲಿ. ಪೂರ್ತಿ ಗುಣವಲ್ಲ, ನೋವು ಕಡಿಮೆಯಾಗುತ್ತದೆ. ಎಚ್‌ಡಿಎಂಐ ಆದರೆ ಇಡಿಐಡಿ ನಕಲು ಮಾಡುವ ಹೆಬ್ಬೆರಳು ಗಾತ್ರದ ಅಡಾಪ್ಟರುಗಳೂ ಸಿಗುತ್ತವೆ, ಕಂಪ್ಯೂಟರಿಗೂ ಡಬ್ಬಿಗೂ ನಡುವೆ ಸಿಕ್ಕಿಸುವಂಥವು.

ಪರದೆ ಕಪ್ಪಾಗುತ್ತದೆ, ಅಥವಾ ಆಗಾಗ ಎರಡು ಸೆಕೆಂಡು ಆರಿ ಹತ್ತುತ್ತದೆ.

ಮೊದಲು ಡಬ್ಬಿ ಬಿಟ್ಟು ಕಂಪ್ಯೂಟರನ್ನು ನೇರ ಮಾನಿಟರಿಗೆ ಹಾಕಿ. ಆಗಲೂ ಹಾಗೇ ಆದರೆ ಡಬ್ಬಿಯ ತಪ್ಪಲ್ಲ. ಸರಿಯಾದರೆ ರಿಫ್ರೆಶ್ ದರವನ್ನು 60ರಿಂದ 30 ಹರ್ಟ್ಸ್‌ಗೆ ಇಳಿಸಿ, ಡಬ್ಬಿಯ ಮೂಲಕವೇ ನೋಡಿ. 30ರಲ್ಲಿ ನಿಂತು 60ರಲ್ಲಿ ಬೀಳುತ್ತಿದ್ದರೆ ಕೇಬಲ್ಲಿಗೆ ಅಷ್ಟು ಭಾರ ಹೊರಲಾಗುತ್ತಿಲ್ಲ ಎಂದರ್ಥ. ಕೇಬಲ್ ಬದಲಿಸಿ; ಎರಡನ್ನೂ, ಒಂದನ್ನಷ್ಟೇ ಅಲ್ಲ.

ಲೆಕ್ಕ ತಪ್ಪುವುದು ಇಲ್ಲಿ: ಕಂಪ್ಯೂಟರಿನಿಂದ ಡಬ್ಬಿಗೆ 2 ಮೀಟರ್, ಡಬ್ಬಿಯಿಂದ ಮಾನಿಟರಿಗೆ 2 ಮೀಟರ್ ಇದ್ದರೆ, ಒಳಗೆ ಸಿಗ್ನಲ್ಲನ್ನು ಬಲಪಡಿಸದ ಡಬ್ಬಿಯಲ್ಲಿ ಅದು 4 ಮೀಟರಿನ ಕೇಬಲ್ಲಿಗಿಂತ ಕಡೆ. ಸಾಕೆಟ್ಟುಗಳ ನಷ್ಟ ಬೇರೆ. 4ಕೆ 60ಕ್ಕೆ ಎರಡೂ ತುಂಡು ಸೇರಿ 3 ಮೀಟರಿನ ಒಳಗಿರಲಿ. ಎಚ್‌ಡಿಎಂಐ ಕೇಬಲ್ಲಿನ ಮೇಲೆ ‘ಪ್ರೀಮಿಯಂ ಹೈ ಸ್ಪೀಡ್’ ಪ್ರಮಾಣಪತ್ರದ ಚೀಟಿ ಇದ್ದರೆ 18 ಗಿಗಾಬಿಟ್‌ಗೆ ಪರೀಕ್ಷೆಯಾಗಿದೆ ಎಂದರ್ಥ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ಕೊಂಡರೂ ಚಿನ್ನದ ಬಣ್ಣದ ತುದಿ, ಹೆಣೆದ ಹೊದಿಕೆ ನೋಡಿ ಮರುಳಾಗಬೇಡಿ. ಆ ಚೀಟಿ ನೋಡಿ.

ಕೇಬಲ್ಲೂ ಸರಿಯಿದ್ದು ಡಬ್ಬಿಗೆ ಮಂಕು ಹಿಡಿದಿದ್ದರೆ ಪೂರ್ತಿ ಆಫ್ ಮಾಡಬೇಕು. ಅಡಾಪ್ಟರ್ ಕಿತ್ತರೆ ಸಾಲದು. ಡಬ್ಬಿ ಯುಎಸ್‌ಬಿ ಕೇಬಲ್ಲುಗಳಿಂದಲೂ ಕರೆಂಟು ಕುಡಿಯುತ್ತಿರುತ್ತದೆ. ಅಡಾಪ್ಟರು, ಎಲ್ಲ ಯುಎಸ್‌ಬಿ, ಎಲ್ಲ ವಿಡಿಯೊ ಕೇಬಲ್ ಕಿತ್ತು ಅರ್ಧ ನಿಮಿಷ ಬಿಡಿ. ಆಮೇಲೆ ಮಾನಿಟರು, ಡಬ್ಬಿ, ಕೊನೆಗೆ ಕಂಪ್ಯೂಟರುಗಳು ಒಂದೊಂದಾಗಿ, ಇದೇ ಕ್ರಮದಲ್ಲಿ ಹಚ್ಚಿ.

ಟೈಪ್-ಸಿ ಇರುವ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ಕೆವಿಎಂಗೆ ಹಾಕಬಹುದೇ?

ಆ ಪೋರ್ಟಿನಿಂದ ಚಿತ್ರ ಹೊರಬರುವುದಾದರೆ ಹಾಕಬಹುದು. ಎಲ್ಲ ಟೈಪ್-ಸಿ ಪೋರ್ಟಿನಲ್ಲೂ ಚಿತ್ರ ಬರುವುದಿಲ್ಲ. ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಅಥವಾ ಥಂಡರ್‌ಬೋಲ್ಟ್ ಇರಬೇಕು. ಪೋರ್ಟಿನ ಪಕ್ಕ ಡಿಸ್‌ಪ್ಲೇಪೋರ್ಟಿನ ಅಥವಾ ಮಿಂಚಿನ ಬಾಣದ ಗುರುತು ಇದ್ದರೆ ಸರಿ, ಇಲ್ಲದಿದ್ದರೆ ಆ ಮಾದರಿಯ ಕೈಪಿಡಿ ನೋಡಿ. ಇನ್ನೊಂದು: ಟೈಪ್-ಸಿಯಿಂದ ಎಚ್‌ಡಿಎಂಐಗೆ ಎಂದು ಮಾರುವ ಕೇಬಲ್ಲು ಒಮ್ಮುಖ. ಕಂಪ್ಯೂಟರಿನ ಎಚ್‌ಡಿಎಂಐಯಿಂದ ಮಾನಿಟರಿನ ಟೈಪ್-ಸಿಗೆ ಅದನ್ನು ತಿರುಗಿಸಿ ಹಾಕಿದರೆ ಏನೂ ಬರದು. ಡಿಸ್‌ಪ್ಲೇಪೋರ್ಟಿನಿಂದ ಎಚ್‌ಡಿಎಂಐಗೆ ಬರುವ ಕೇಬಲ್ಲಿಗೂ ಇದೇ ಮಾತು.

ಕೀಬೋರ್ಡಿನಿಂದಲೇ ಬದಲಿಸುವ ಹಾಟ್‌ಕೀ ಕೆಲಸ ಮಾಡುತ್ತಿಲ್ಲ. ಮೆಕ್ಯಾನಿಕಲ್ ಕೀಬೋರ್ಡು.

ಬಹಳಷ್ಟು ಡಬ್ಬಿಗಳಲ್ಲಿ ಎರಡು ಬಗೆಯ ಯುಎಸ್‌ಬಿ ಸಾಕೆಟ್ಟು ಇರುತ್ತವೆ. ಕೀಬೋರ್ಡಿನ ಚಿತ್ರ ಬರೆದಿರುವುದರ ಹಿಂದೆ ಒಂದು ಚಿಪ್ಪು ಕೂತು ಪ್ರತಿ ಕೀಯನ್ನೂ ಓದುತ್ತದೆ; ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿದಿರಾ ಎಂದು ನೋಡುವುದು ಅದೇ. ಸಾದಾ ಕೀಬೋರ್ಡಿನ ಭಾಷೆ ಮಾತ್ರ ಅದಕ್ಕೆ ಗೊತ್ತು. ಬಣ್ಣದ ದೀಪ, ಮ್ಯಾಕ್ರೊ, ಎಲ್ಲ ಕೀಗಳನ್ನೂ ಒಟ್ಟಿಗೆ ಗುರುತಿಸುವ ಎನ್‌ಕೆಆರ್‌ಒ ಇರುವ ಕೀಬೋರ್ಡು ತಾನು ಎರಡು ಮೂರು ಸಾಧನ ಎಂದು ಹೇಳಿಕೊಳ್ಳುತ್ತದೆ. ಚಿಪ್ಪು ಗಲಿಬಿಲಿಯಾಗಿ ಕೈಚೆಲ್ಲುತ್ತದೆ. ಕೀಬೋರ್ಡಿನಲ್ಲಿ ಎನ್‌ಕೆಆರ್‌ಒ ಬಿಟ್ಟು ಒಮ್ಮೆಗೆ ಆರು ಕೀ ಗುರುತಿಸುವ ‘6ಕೆಆರ್‌ಒ’ಗೆ ಇಳಿಸುವ ಸೌಲಭ್ಯವಿದ್ದರೆ ಮೊದಲು ಅದನ್ನು ಮಾಡಿ. ಆಗದಿದ್ದರೆ ಕೀಬೋರ್ಡನ್ನು ಡಬ್ಬಿಯ ಇನ್ನೊಂದು ಬಗೆಯ ಸಾಕೆಟ್ಟಿಗೆ, ಅಂದರೆ ಸಾದಾ ಹಬ್ ಸಾಕೆಟ್ಟಿಗೆ ಹಾಕಿ. ಕೀಬೋರ್ಡು ಪೂರ್ತಿ ಸರಿಯಾಗಿ ನಡೆಯುತ್ತದೆ, ಹಾಟ್‌ಕೀ ಹೋಗುತ್ತದೆ. ಗುಂಡಿಯೇ ಗತಿ. ನಮ್ಮ ಮಟ್ಟಿಗೆ ಇದು ಒಳ್ಳೆಯ ವ್ಯಾಪಾರ.

ವೈರ್‌ಲೆಸ್ ಮೌಸು ತಡವರಿಸುತ್ತದೆ.

ಡಾಂಗಲ್ಲನ್ನು (ಮೌಸಿನ ಜೊತೆ ಬರುವ ಪುಟ್ಟ ಯುಎಸ್‌ಬಿ ತುಂಡು) ಯುಎಸ್‌ಬಿ 3.0 ಸಾಕೆಟ್ಟಿನ ಪಕ್ಕದಲ್ಲೇ ಸಿಕ್ಕಿಸಿರುತ್ತೀರಿ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತದೆ, ಡಾಂಗಲ್ಲು ಮಾತಾಡುವುದೂ ಅದೇ ಪಟ್ಟಿಯಲ್ಲಿ. ಒಂದು ಮೀಟರಿನ ಯುಎಸ್‌ಬಿ 2.0 ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಾಂಗಲ್ಲನ್ನು ಮೇಜಿನ ಮೇಲೆ ತನ್ನಿ.

ಎರಡು ಮೂರು ಕಂಪ್ಯೂಟರಿಗೆ ಕೂಡುವ ಬ್ಲೂಟೂತ್ ಕೀಬೋರ್ಡು ಸಾಲದೇ?

ಸಾಕಾಗಬಹುದು. ಲಾಜಿಟೆಕ್ ಕೆ380ರಂಥವುಗಳಲ್ಲಿ ಎಫ್1, ಎಫ್2, ಎಫ್3 ಜಾಗದ ಕೀಗಳಿಂದ ಮೂರು ಸಾಧನಗಳ ನಡುವೆ ಹಾರಬಹುದು, ಮೌಸಿನಲ್ಲೂ ಅಂಥವಿವೆ. ಒಂದೇ ಕೊರತೆ: ಬ್ಲೂಟೂತ್ ಸಾಮಾನ್ಯವಾಗಿ ಎದ್ದೇಳುವುದು ಆಪರೇಟಿಂಗ್ ಸಿಸ್ಟಮ್ ಬಂದ ಮೇಲೆ. ಬಯಾಸ್ (ಅದಕ್ಕೂ ಮುಂಚಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಲು, ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ ಪಿನ್ ಒತ್ತಲು ತಂತಿಯ ಕೀಬೋರ್ಡು ಒಂದು ಅಟ್ಟದ ಮೇಲಾದರೂ ಇರಲಿ.

ಸಾಫ್ಟ್‌ವೇರಿನಿಂದಲೇ ಹಂಚಿಕೊಳ್ಳಬಹುದಂತೆ?

ಕೀಬೋರ್ಡು, ಮೌಸನ್ನು ಹಂಚಿಕೊಳ್ಳಬಹುದು, ಮಾನಿಟರನ್ನಲ್ಲ. ಪ್ರತಿ ಕಂಪ್ಯೂಟರಿಗೂ ಅದರದೇ ಪರದೆ ಇದ್ದಾಗ ಇದು ಸೊಗಸು: ಮೌಸನ್ನು ಒಂದು ಪರದೆಯ ಅಂಚು ದಾಟಿಸಿದರೆ ಪಕ್ಕದ ಕಂಪ್ಯೂಟರಿನಲ್ಲಿ ಮೂಡುತ್ತದೆ, ಇಲ್ಲಿ ಕಾಪಿ ಮಾಡಿ ಅಲ್ಲಿ ಪೇಸ್ಟ್ ಮಾಡಬಹುದು. ಎಲ್ಲವೂ ವಿಂಡೋಸೇ ಆದರೆ ಮೈಕ್ರೋಸಾಫ್ಟ್ ಪವರ್‌ಟಾಯ್ಸ್‌ನ ಮೌಸ್ ವಿದೌಟ್ ಬಾರ್ಡರ್ಸ್ ನಾಲ್ಕು ಕಂಪ್ಯೂಟರಿನ ತನಕ ನಡೆಸುತ್ತದೆ. ಮ್ಯಾಕ್ ಮತ್ತು ಐಪ್ಯಾಡ್ ಮಾತ್ರ ಇದ್ದರೆ ಮ್ಯಾಕ್‌ಒಎಸ್ 12.3, ಐಪ್ಯಾಡ್‌ಒಎಸ್ 15.4ರಿಂದ ಬಂದ ಯೂನಿವರ್ಸಲ್ ಕಂಟ್ರೋಲ್. ಕಲಬೆರಕೆ ಮನೆಗೆ ಡೆಸ್ಕ್‌ಫ್ಲೋ ಅಥವಾ ಇನ್‌ಪುಟ್ ಲೀಪ್; ಎರಡೂ ಸಿನರ್ಜಿ ಎಂಬ ತಂತ್ರಾಂಶದ ವಂಶದವು. ಹಳೆಯ ಲೇಖನಗಳು ಶಿಫಾರಸು ಮಾಡುವ ಬ್ಯಾರಿಯರ್ ಈಗ ಬೆಳೆಯುತ್ತಿಲ್ಲ, ಅದರಿಂದ ಕವಲೊಡೆದದ್ದೇ ಇನ್‌ಪುಟ್ ಲೀಪ್.

ಕೂಡದಿದ್ದರೆ ಫೈರ್‌ವಾಲ್ ನೋಡಿ; ಸಿನರ್ಜಿ ವಂಶದವು 24800ನೇ ಪೋರ್ಟ್ ಬಳಸುತ್ತವೆ. ಒಂದು ಕಂಪ್ಯೂಟರು ಕೇಬಲ್ಲಿನಲ್ಲೂ ಇನ್ನೊಂದು ಗೆಸ್ಟ್ ವೈ-ಫೈಯಲ್ಲೂ ಇದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಆಫೀಸಿನ ವಿಪಿಎನ್ ಹಚ್ಚಿದಾಗ ಮಾತ್ರ ತಪ್ಪಿಹೋಗುತ್ತಿದ್ದರೆ, ಆ ವಿಪಿಎನ್ ಮನೆಯ ಜಾಲದ ದಾರಿಯನ್ನೇ ಮುಚ್ಚುತ್ತಿದೆ. ಅದಕ್ಕೆ ನೀವು ಮಾಡುವುದೇನಿಲ್ಲ, ಯುಎಸ್‌ಬಿ ಸ್ವಿಚ್ಚಿಗೆ ಬನ್ನಿ.

ಕನ್ನಡ ಟೈಪಿಂಗಿಗೆ ತೊಂದರೆಯಾಗುವುದೇ?

ಯುಎಸ್‌ಬಿ ಸ್ವಿಚ್ ಅಥವಾ ಕೆವಿಎಂ ಆದರೆ ಇಲ್ಲ. ಕೀಬೋರ್ಡು ಕಳಿಸುವುದು ‘ಇಂಥ ಜಾಗದ ಕೀ ಒತ್ತಿದರು’ ಎಂಬ ಸಂಖ್ಯೆಯನ್ನಷ್ಟೇ. ಅದು ‘ಕ’ ಆಗಬೇಕೋ ಬೇರೆ ಅಕ್ಷರವೋ ಎಂದು ತೀರ್ಮಾನಿಸುವುದು ಆಯಾ ಕಂಪ್ಯೂಟರು. ಹಾಗಾಗಿ ನುಡಿಯೋ ಬರಹವೋ ಇನ್‌ಸ್ಕ್ರಿಪ್ಟೋ, ಪ್ರತಿ ಕಂಪ್ಯೂಟರಿನಲ್ಲೂ ಬೇರೆ ಬೇರೆಯಾಗಿ ಹಾಕಿಕೊಳ್ಳಬೇಕು. ಕನ್ನಡ–ಇಂಗ್ಲಿಷ್ ಬದಲಿಸಲು ಸ್ಕ್ರೋಲ್ ಲಾಕ್ ಇಟ್ಟುಕೊಂಡವರು ಡಬ್ಬಿಯ ಹಾಟ್‌ಕೀ ಕೂಡ ಅದೇ ಆಗಿದ್ದರೆ ಒಂದನ್ನು ಬದಲಿಸಿ. ಇಲ್ಲದಿದ್ದರೆ ಭಾಷೆ ಬದಲಿಸಲು ಹೋಗಿ ಕಂಪ್ಯೂಟರೇ ಬದಲಾಗುತ್ತದೆ. ಹಲವು ಡಬ್ಬಿಗಳಲ್ಲಿ ಹಾಟ್‌ಕೀಯನ್ನು ಕಂಟ್ರೋಲ್ ಎರಡು ಸಲ ಎಂದು ಬದಲಿಸಬಹುದು.

ಸಾಫ್ಟ್‌ವೇರ್ ಹಂಚಿಕೆಯಲ್ಲಿ ಮಾತ್ರ ಎಡವಟ್ಟು ಇದೆ. ಸಿನರ್ಜಿ ವಂಶದವು ಕೀಯ ಜಾಗಕ್ಕಿಂತ ಅದರ ಅಕ್ಷರವನ್ನು ಕಳಿಸುತ್ತವೆ. ಕೀಬೋರ್ಡು ಇರುವ ಮೂಲ ಕಂಪ್ಯೂಟರು ಕನ್ನಡ ವಿನ್ಯಾಸದಲ್ಲಿದ್ದರೆ ಅತ್ತಲಿನದು ಆ ಅಕ್ಷರವನ್ನು ತನ್ನ ವಿನ್ಯಾಸದಲ್ಲಿ ಹುಡುಕಿ ಸೋಲಬಹುದು. ಮೂಲ ಕಂಪ್ಯೂಟರನ್ನು ಇಂಗ್ಲಿಷಿನಲ್ಲೇ ಬಿಟ್ಟು, ಬರೆಯುವ ಕಂಪ್ಯೂಟರಿನಲ್ಲಿ ಕನ್ನಡ ಆನ್ ಮಾಡಿ.

ವಿಂಡೋಸ್ ಕೀಬೋರ್ಡಿನಲ್ಲಿ ಮ್ಯಾಕ್ ಬಳಸುವಾಗ ಬೆರಳು ತಪ್ಪುತ್ತದೆ.

ಮ್ಯಾಕಿನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಕೀಬೋರ್ಡ್, ಕೀಬೋರ್ಡ್ ಶಾರ್ಟ್‌ಕಟ್ಸ್, ಮಾಡಿಫೈಯರ್ ಕೀಸ್‌ಗೆ ಹೋಗಿ. ಮೇಲಿನ ಪಟ್ಟಿಯಲ್ಲಿ ಹೊರಗಿನ ಕೀಬೋರ್ಡನ್ನೇ ಆರಿಸಿ, ಆಪ್ಶನ್ ಮತ್ತು ಕಮಾಂಡ್‌ಗಳನ್ನು ಅದಲು ಬದಲು ಮಾಡಿ. ಲ್ಯಾಪ್‌ಟಾಪಿನ ಒಳಗಿನ ಕೀಬೋರ್ಡು ಇದ್ದಂತೆಯೇ ಇರುತ್ತದೆ.

ಆಫೀಸಿನ ಲ್ಯಾಪ್‌ಟಾಪಿಗೆ ಇದೆಲ್ಲ ಹಾಕಬಹುದೇ?

ಸಾಫ್ಟ್‌ವೇರ್ ಬೇಡ. ಅದು ನೀವು ಒತ್ತುವ ಪಾಸ್‌ವರ್ಡನ್ನೂ ಕ್ಲಿಪ್‌ಬೋರ್ಡನ್ನೂ ಜಾಲದ ಮೂಲಕ ಇನ್ನೊಂದು ಕಂಪ್ಯೂಟರಿಗೆ ದಾಟಿಸುತ್ತದೆ. ಯಾವ ಐಟಿ ವಿಭಾಗವೂ ಮೆಚ್ಚದು. ಯುಎಸ್‌ಬಿ ಸ್ವಿಚ್ಚು ಒಂದು ಹಬ್, ಒಂದು ಕೀಬೋರ್ಡು, ಒಂದು ಮೌಸು ಎಂದಷ್ಟೇ ಕಾಣುತ್ತದೆ, ಪೆನ್‌ಡ್ರೈವ್ ತಡೆದಿರುವ ಲ್ಯಾಪ್‌ಟಾಪುಗಳಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಆದರೆ ಆ ಸ್ವಿಚ್ಚಿನಲ್ಲಿ ಪೆನ್‌ಡ್ರೈವ್ ಬಿಟ್ಟಿದ್ದು ಗುಂಡಿ ಒತ್ತಿದರೆ ಅದೂ ಜೊತೆಗೆ ಹೋಗುತ್ತದೆ, ಎಚ್ಚರಿಕೆಯ ಸಂದೇಶ ಐಟಿಯವರಿಗೆ ತಲುಪಬಹುದು. ಮೊದಲೇ ಒಂದು ಮಾತು ಕೇಳಿಬಿಡಿ.

ವೆಬ್‌ಕ್ಯಾಮ್, ಹೆಡ್‌ಸೆಟ್, ಹಾರ್ಡ್‌ಡಿಸ್ಕ್ ಕೂಡ ಹಂಚಿಕೊಳ್ಳಲೇ?

ಗುಂಡಿ ಒತ್ತುವುದೆಂದರೆ ಯುಎಸ್‌ಬಿ ಕಿತ್ತು ಇನ್ನೊಂದಕ್ಕೆ ಹಾಕಿದಂತೆ. ಮೀಟಿಂಗ್ ನಡೆಯುವಾಗ ಒಂದು ಕ್ಷಣ ಆಚೆ ಹೋಗಿ ಬಂದರೂ ಕ್ಯಾಮೆರಾ, ದನಿ ಎರಡೂ ಕಡಿಯುತ್ತವೆ. ಹೆಡ್‌ಸೆಟ್, ಕ್ಯಾಮೆರಾಗಳನ್ನು ಮೀಟಿಂಗಿನ ಕಂಪ್ಯೂಟರಿಗೆ ನೇರ ಹಾಕುವುದೇ ಲೇಸು. ಹಾರ್ಡ್‌ಡಿಸ್ಕ್ ಖಂಡಿತ ಬೇಡ. ಬರೆಯುತ್ತಿರುವಾಗ ಗುಂಡಿ ಒತ್ತಿದರೆ ಫೈಲು ಕೆಡುತ್ತದೆ.

ಕರೆಂಟಿನ ಲೆಕ್ಕವೂ ಇದೆ. ಯುಎಸ್‌ಬಿ 2.0 ಪೋರ್ಟು ಕೊಡುವುದು 500 ಮಿಲಿಆಂಪಿಯರ್, 3.0 ಆದರೆ 900. ದೀಪದ ಕೀಬೋರ್ಡು, ಮೌಸು, ಕ್ಯಾಮೆರಾ ಸೇರಿದರೆ ಅದು ಸಾಲದೆ ಸಾಧನಗಳು ಬಂದು ಬಂದು ಹೋಗುತ್ತವೆ. ಡಬ್ಬಿಯಲ್ಲಿ 5 ವೋಲ್ಟಿನ ಜಾಗವಿದ್ದರೆ 2 ಆಂಪಿಯರಿನ ಅಡಾಪ್ಟರ್ ಹಾಕಿ.

144 ಹರ್ಟ್ಸ್ ಗೇಮಿಂಗ್ ಮಾನಿಟರಿಗೆ?

ವಿಡಿಯೊವನ್ನು ನೇರ ಹಾಕಿ, ಯುಎಸ್‌ಬಿ ಮಾತ್ರ ಹಂಚಿ. ಕೆವಿಎಂನ ಮೌಸ್ ಎಮ್ಯುಲೇಶನ್ (ಚಿಪ್ಪು ನಡುವೆ ಕೂತು ಓದುವ) ಸಾಕೆಟ್ಟಿನಲ್ಲಿ ಸೆಕೆಂಡಿಗೆ 1000 ಸಲ ಮಾತಾಡುವ ಮೌಸು 125ಕ್ಕೆ ಇಳಿಯಬಹುದು, ಸಾದಾ ಹಬ್ ಸಾಕೆಟ್ಟೇ ಬಳಸಿ.

ಎರಡು ಮಾನಿಟರ್ ಇದ್ದರೆ?

ಡ್ಯುಯಲ್ ಕೆವಿಎಂ ಎಂದರೆ ಪ್ರತಿ ಕಂಪ್ಯೂಟರಿನಿಂದ ಎರಡು ವಿಡಿಯೊ ಕೇಬಲ್. ಒಂದೇ ಟೈಪ್-ಸಿ ಕೇಬಲ್ಲಿನಲ್ಲಿ ಎರಡು ಪರದೆ ಎಂದು ಹೇಳುವ ಡಬ್ಬಿಗಳು ಎಂಎಸ್‌ಟಿ ಎಂಬ ವಿಧಾನ ಬಳಸುತ್ತವೆ. ವಿಂಡೋಸಿನಲ್ಲಿ ನಡೆಯುತ್ತದೆ, ಮ್ಯಾಕಿನಲ್ಲಿ ಎರಡೂ ಪರದೆಯಲ್ಲಿ ಒಂದೇ ಚಿತ್ರ ಬರುತ್ತದೆ. ಎಂ1, ಎಂ2 ಮ್ಯಾಕ್‌ಬುಕ್ ಏರ್‌ಗಳು ಸ್ವತಃ ಹೊರಗಿನ ಒಂದೇ ಪರದೆಗೆ ಸೀಮಿತ, ಯಾವ ಕೆವಿಎಂ ಕೊಂಡರೂ ಅದು ಎರಡಾಗದು.

ಮಲಗಿದ ಕಂಪ್ಯೂಟರನ್ನು ಎಬ್ಬಿಸಲು ಆಗುತ್ತಿಲ್ಲ.

ಸ್ವಿಚ್ಚು ಬೇರೆ ಕಡೆ ಇದ್ದಾಗ ಆ ಕಂಪ್ಯೂಟರಿಗೆ ಕೀಬೋರ್ಡೇ ಇಲ್ಲ. ಮೊದಲು ಗುಂಡಿ ಒತ್ತಿ, ಎರಡು ಮೂರು ಸೆಕೆಂಡು ಬಿಟ್ಟು ಕೀ ಒತ್ತಿ. ಆಗಲೂ ಏಳದಿದ್ದರೆ ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಕೀಬೋರ್ಡಿನ ಪವರ್ ಮ್ಯಾನೇಜ್‌ಮೆಂಟ್ ಹಾಳೆಯಲ್ಲಿ ಎಬ್ಬಿಸಲು ಅನುಮತಿ ಕೊಡಿ. ಲ್ಯಾಪ್‌ಟಾಪನ್ನು ಮುಚ್ಚಿಡುವವರು ಮುಚ್ಚಳ ಹಾಕಿದಾಗ ‘ಏನೂ ಮಾಡಬೇಡ’ ಎಂದು ಪವರ್ ಆಯ್ಕೆಯಲ್ಲಿ ಬದಲಿಸಿರಬೇಕು.

ರಾಸ್ಪ್‌ಬೆರಿ ಪೈಗೆ ತಿರುಗಿಸಿದರೆ ಬರೀ ಕತ್ತಲೆ.

ಅದು ಬೂಟ್ ಆಗುವಾಗ ಸ್ವಿಚ್ಚು ಬೇರೆ ಕಡೆ ಇತ್ತು. ಮಾನಿಟರ್ ಇಲ್ಲವೆಂದುಕೊಂಡು ಎಚ್‌ಡಿಎಂಐಯನ್ನೇ ಅದು ಆಫ್ ಮಾಡಿದೆ. ಪೈ ಕಡೆ ತಿರುಗಿಸಿಟ್ಟೇ ಮತ್ತೆ ಬೂಟ್ ಮಾಡಿ. ಇಡಿಐಡಿ ನಕಲು ಮಾಡುವ ಅಡಾಪ್ಟರ್ ಹಾಕಿದರೆ ಶಾಶ್ವತ ಪರಿಹಾರ.

ಕರೆಂಟು ಹೋಗಿ ಬಂದರೆ? ಲೋಹದ ಡಬ್ಬಿ ಮುಟ್ಟಿದರೆ ಜುಮ್ಮೆನ್ನುತ್ತದೆ.

ಹೋಗಿ ಬಂದ ಮೇಲೆ ಅನೇಕ ಡಬ್ಬಿಗಳು ಒಂದನೇ ಪೋರ್ಟಿಗೆ ಮರಳುತ್ತವೆ, ಮುಖ್ಯ ಕಂಪ್ಯೂಟರನ್ನು ಅಲ್ಲಿಗೇ ಹಾಕಿ. ಡೆಸ್ಕ್‌ಟಾಪು ಯುಪಿಎಸ್‌ನಲ್ಲಿದ್ದರೆ ಮಾನಿಟರು, ಡಬ್ಬಿಯ ಅಡಾಪ್ಟರು ಕೂಡ ಅದರಲ್ಲೇ ಇರಲಿ.

ಜುಮ್ಮೆನ್ನುವುದು ಎರಡು ಪಿನ್ನಿನ ಅಡಾಪ್ಟರುಗಳ ಸೋರಿಕೆ ಕರೆಂಟಿರಬಹುದು. ಆದರೆ ಸಾಕೆಟ್ಟಿನಲ್ಲಿ ಅರ್ತಿಂಗ್ ಇಲ್ಲದಿದ್ದರೂ ಹಾಗಾಗುತ್ತದೆ, ಅದನ್ನು ಎಲೆಕ್ಟ್ರಿಶಿಯನ್ ಕೈಲಿ ಪರೀಕ್ಷೆ ಮಾಡಿಸಲೇಬೇಕು. ಕೆವಿಎಂ ಎಲ್ಲ ಕಂಪ್ಯೂಟರುಗಳ ಗ್ರೌಂಡನ್ನು ಒಂದಕ್ಕೊಂದು ಕಟ್ಟುತ್ತದೆ. ಒಂದೊಂದು ಕಂಪ್ಯೂಟರು ಒಂದೊಂದು ಗೋಡೆಯ ಸಾಕೆಟ್ಟಿನಲ್ಲಿದ್ದರೆ ಸ್ಪೀಕರಿನಲ್ಲಿ ಗುಂಯ್‌ಗುಡುವ ಸದ್ದು ಬರುವುದು ಇದರಿಂದಲೇ. ಎಲ್ಲವನ್ನೂ ಅರ್ತಿಂಗ್ ಇರುವ ಒಂದೇ ಮೂರು ಪಿನ್ನಿನ ಬೋರ್ಡಿಗೆ ತನ್ನಿ.

ಹಳೆಯ ವಿಜಿಎ, ಪಿಎಸ್/2 ಕೆವಿಎಂ ಬಿದ್ದಿದೆ. ಉಪಯೋಗವುಂಟೇ?

ಹಳೆಯ ಯಂತ್ರಗಳಿಗೆ ಉಂಟು. ಪಿಎಸ್/2 (ದುಂಡು ಪ್ಲಗ್ಗಿನ ಹಳೆಯ ಕೀಬೋರ್ಡು, ಮೌಸು) ಸಾಧನಗಳನ್ನು ಕಂಪ್ಯೂಟರು ಓಡುತ್ತಿರುವಾಗ ಕಿತ್ತು ಹಾಕಬೇಡಿ. ವಿಜಿಎ ಕೇಬಲ್ ಉದ್ದವಾದಷ್ಟೂ ಅಕ್ಷರಗಳಿಗೆ ನೆರಳು ಬರುತ್ತದೆ. ಎಚ್‌ಡಿಎಂಐ ಕಂಪ್ಯೂಟರಿಗೆ ಪರಿವರ್ತಕಗಳ ಸರಪಳಿ ಕಟ್ಟಿ ಇದನ್ನು ಉಳಿಸಿಕೊಳ್ಳುವುದು ಮಾತ್ರ ಹಣ ದಂಡ.

ಬೇರೆ ಊರಿನಲ್ಲಿರುವ ಕಂಪ್ಯೂಟರಿನ ಬಯಾಸ್ ತನಕ ಇಲ್ಲಿಂದಲೇ ಕಾಣಬೇಕು.

ಅದಕ್ಕೆ ಐಪಿ ಕೆವಿಎಂ. ಎಚ್‌ಡಿಎಂಐ ಚಿತ್ರವನ್ನು ಹಿಡಿದು ಬ್ರೌಸರಿಗೆ ಕಳಿಸುತ್ತದೆ, ಬ್ರೌಸರಿನಲ್ಲಿ ಒತ್ತಿದ ಕೀಯನ್ನು ಯುಎಸ್‌ಬಿ ಕೀಬೋರ್ಡಿನಂತೆ ನಟಿಸಿ ಕಂಪ್ಯೂಟರಿಗೆ ಕೊಡುತ್ತದೆ. ರಾಸ್ಪ್‌ಬೆರಿ ಪೈ ಮೇಲೆ ಕಟ್ಟಿದ ಪೈಕೆವಿಎಂ ಮನೆಬಳಕೆಗೆ ಹೆಸರಾದದ್ದು. ಸರ್ವರುಗಳಲ್ಲಿ ಈ ಸೌಲಭ್ಯ ಒಳಗೇ ಇರುತ್ತದೆ: ಡೆಲ್‌ನಲ್ಲಿ ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಎಲ್ಒ. ಬಂದ ದಿನವೇ ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ. ಅಂತರ್ಜಾಲಕ್ಕೆ ನೇರ ತೆರೆದಿಡದೆ ವೈರ್‌ಗಾರ್ಡ್‌ನಂಥ ವಿಪಿಎನ್ ಹಿಂದೆ ಇಡಿ. ಇದನ್ನು ಹಿಡಿದವರು ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಸಮ.

ರ‍್ಯಾಕುಗಳಲ್ಲಿ ಬಳಸುವ ಇನ್ನೊಂದು ಬಗೆಯ ಕೆವಿಎಂಗಳಲ್ಲಿ ನೆಟ್‌ವರ್ಕ್ ಕೇಬಲ್ಲಿನ ಸಾಕೆಟ್ಟುಗಳೇ ಸಾಲಾಗಿರುತ್ತವೆ. ನೋಡಲು ಒಂದೇ ತರಹ ಇದ್ದರೂ ಅವುಗಳಲ್ಲಿ ಹರಿಯುವುದು ಈಥರ್ನೆಟ್ ಅಲ್ಲ. ಆ ಕೇಬಲ್ಲನ್ನು ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸಬೇಡಿ, ಚೀಟಿ ಅಂಟಿಸಿಡಿ.